ಕೆಲಸ ಮಾಡುವ ಡಬ್ಬಿ

ಕೆಂಚಯ್ಯ ಜಗಲಿಯ ಮೇಲೆ ಕೂತಲ್ಲೇ ಸತ್ತಿದ್ದ. ಬೆನ್ನು ಗೋಡೆಗೆ ಒರಗಿತ್ತು. ತಲೆ ಎದೆಯ ಮೇಲೆ ಬಿದ್ದಿತ್ತು. ಬನಿಯನ್ ಯಾವ ಬಣ್ಣದ್ದೆಂದು ಅದನ್ನು ಒಗೆದವರೇ ಹೇಳಬೇಕಿತ್ತು. ಮಡಿಲಲ್ಲಿ ರಕ್ತ, ಮೆಟ್ಟಿಲ ಮೇಲೆ ರಕ್ತ, ಅಂಗಳದ ಸೌದೆಯ ಮೇಲೂ ರಕ್ತ. ಒಣಗಿದ ಮೆಣಸಿನ ಬಳ್ಳಿಯಂಥ ಮುದುಕ. ಅವನ ಮೈಯಲ್ಲಿ ಇಷ್ಟು ರಕ್ತ ಎಲ್ಲಿ ಅಡಗಿತ್ತೋ. ಎರಡು ಕೋಣಕ್ಕೆ ಹಂಚಿದರೂ ಮಿಗುತ್ತಿತ್ತು.

ಹೆಗ್ಗದ್ದೆಯ ಮೇಲಿನ ಆ ಕಾಫಿ ಎಸ್ಟೇಟಿನಲ್ಲಿ ಒಬ್ಬರು ಸೀನಿದರೆ ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲಿ ಮೂಗು ಒರೆಸಿಕೊಳ್ಳುತ್ತಾರೆ. ಸುದ್ದಿಗೆ ಅಲ್ಲಿ ರಸ್ತೆ ಬೇಡ. ಸಬ್ ಇನ್ಸ್‌ಪೆಕ್ಟರ್ ನೇತ್ರಾವತಿಯ ಜೀಪು ಆಳುಗಳ ಲೈನ್ ಮನೆಗಳ ಮುಂದೆ ನಿಲ್ಲುವ ಹೊತ್ತಿಗೆ ತನಿಖೆ ಮುಗಿದೇ ಹೋಗಿತ್ತು. ಅಪರಾಧಿ ಸಿಕ್ಕಿದ್ದಳು. ತೀರ್ಪೂ ಆಗಿತ್ತು. ಕೆಂಚಯ್ಯನ ಸೊಸೆ ನವ್ಯಶ್ರೀಯನ್ನು ಒಳಗೆ ಕೂಡಿ ಹೊರಗಿನಿಂದ ಚಿಲಕ ಹಾಕಿದ್ದರು. ಅದೂ ಸಾಲದೆಂದು ಚಿಲಕಕ್ಕೆ ಒಂದು ಸೌದೆ ತುಂಡು ಸಿಕ್ಕಿಸಿದ್ದರು. ಒಳಗಿರುವುದು ಹುಲಿಯೇನೋ ಎಂಬಂತೆ.

"ಚಿಲಕ ಹಾಕಿದ್ದು ಯಾರು?" ನೇತ್ರಾವತಿ ಕೇಳಿದಳು.

ಕೆಂಚಯ್ಯನ ಮಗ ರೇವಂತ್ ಮುಂದೆ ಬಂದ. ಎಸ್ಟೇಟಿನ ಪಿಕಪ್ ಓಡಿಸುವವನು. ಕಣ್ಣು ಕೆಂಡವಾಗಿತ್ತು.

"ನಾನೇ ಮೇಡಮ್. ಓಡೋಗ್ಬುಟ್ರೆ ಅಂತ."

"ನಿನ್ನ ಹೆಂಡ್ತಿ ಅಲ್ವೇನಪ್ಪ?"

"ಹೆಂಡ್ತಿನೇ. ಅಪ್ಪ ಹೋಗ್ಬುಟ್ರಲ್ಲ ಮೇಡಮ್."

ನೇತ್ರಾವತಿ ಸೌದೆ ತುಂಡು ಕಿತ್ತು ಅಂಗಳಕ್ಕೆ ಎಸೆದಳು. ಅದು ನೆರೆದ ಹೆಂಗಸರ ಕಾಲ ಬಳಿ ಬಿತ್ತು. ಅವರು ಒಂದು ಹೆಜ್ಜೆ ಹಿಂದೆ ಸರಿದರು. ಬಾಯಿ ಮಾತ್ರ ಹಿಂದೆ ಸರಿಯಲಿಲ್ಲ.

"ನಿನ್ನೆ ಸಂಜೆ ಮಾವನ್ನ 'ಸಾಯೋಗು' ಅಂದ್ಲು ಮೇಡಮ್. ಇಡೀ ಲೈನ್ ಕೇಳುಸ್ಕಂತು."

ಹೆಡ್ ಕಾನ್‌ಸ್ಟೆಬಲ್ ತಿಮ್ಮಯ್ಯ ಟೋಪಿ ತೆಗೆದು ತಲೆ ಕೆರೆದ. "ಈ ಲೈನಲ್ಲಿ ಸಾಯೋಗು ಅನ್ನಿಸ್ಕಳ್ದೆ ಇರೋರು ಯಾರವ್ರೆ ತಾಯಿ? ಹೋದ್ಸಲ ಬಂದಾಗ ನಂಗೂ ಒಬ್ರು ಅಂದಿದ್ರಿ."

"ನಾವು ಬಾಯಲ್ಲಿ ಅಂತೀವಿ. ಇವ್ಳು ಇಲಿ ಪಾಷಾಣ ಮಡಿಕ್ಕಂಡು ಅಂದವ್ಳೆ."

ಪೊಟ್ಟಣ ಬಂತು. ಮೊರದ ಮೇಲಿಟ್ಟು, ಮದುವಣಗಿತ್ತಿಯ ಒಡವೆ ತಂದಂತೆ ತಂದರು. ತೆರೆದ ಪೊಟ್ಟಣ. ಒಳಗೆ ನೀಲಿ ಬಿಲ್ಲೆಗಳು. ಕೆಲವು ಕಾಣೆಯಾಗಿದ್ದವು.

ನೇತ್ರಾವತಿ ಹೆಣದ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಕೆಂಚಯ್ಯನ ಎರಡೂ ಪಾದಗಳ ಮೇಲೆ ಹರಕು ಬಟ್ಟೆ ಸುತ್ತಿತ್ತು. ಬಟ್ಟೆಯ ಕೆಳಗೆ ಸುಣ್ಣ ಮೆತ್ತಿದ ಜಿಗಣೆ ಗಾಯಗಳು. ಬಟ್ಟೆ ನೆನೆದು ಕೆಂಪಾಗಿತ್ತು.

"ಜಿಗಣೆ ಯಾವಾಗ ಹಿಡಿದಿದ್ದು?"

"ಮೊನ್ನೆ ತೋಟದಲ್ಲಿ," ಅಂದಳು ಪಕ್ಕದ ಮನೆಯ ದ್ಯಾವಮ್ಮ. ಕೆಂಚಯ್ಯನ ಓರಗೆಯ ಮುದುಕಿ. ಮಾತಿಗೆ ನಿಂತರೆ ಮಳೆಯೂ ಅವಳ ಸರದಿ ಮುಗಿಯಲೆಂದು ಕಾಯುತ್ತದೆ.

"ಮೊನ್ನೆ ಕಚ್ಚಿದ್ದು ನಿನ್ನೆವರೆಗೂ ಒಸರಿದೆಯಾ? ಸುಣ್ಣ ಹಚ್ಚಿದರೆ ಉಂಡೇಳೋದ್ರೊಳಗೆ ನಿಲ್ಲಬೇಕಲ್ಲ."

"ಈ ಸಲ ಜಿಗಣೆಗಳಿಗೆ ಏನೋ ಬಂದೈತೆ ಕಣವ್ವ. ನಂದೂ ನಿಂತಿಲ್ಲ, ನೋಡು."

ಅವಳು ಸೀರೆ ತುಸು ಎತ್ತಿದಳು. ಕಣಕಾಲಿಗೆ ಅಂಥದೇ ಬಟ್ಟೆ. ಅಂಥದೇ ಕೆಂಪು.

"ಈ ಮನೇಲಿ ಊಟ ಮಾಡ್ತೀಯಾ ಅಜ್ಜಿ?"

"ಇವ್ಳ ಸಾರು ನಂಗೆ ಆಗ್ಬರಕ್ಕಿಲ್ಲ. ನಂದು ನಾನೇ ಬೇಯಿಸ್ಕತೀನಿ."

ನೇತ್ರಾವತಿ ಮೇಲೆದ್ದಳು. ನವ್ಯಶ್ರೀ ಮಾವನಿಗೆ ಪಾಷಾಣ ಹಾಕಿದ್ದರೆ ಪಕ್ಕದ ಮನೆಯ ಮುದುಕಿಯ ಕಾಲು ಏಕೆ ಒಸರಬೇಕು?

\* \* \*

ಆಗ ಬಿಳಿ ಕಾರು ಬಂತು. ಇಳಿದವನು ಡಾಕ್ಟರ್ ಸಂಜಯ್. ಒಂದು ಔಷಧಿ ಕಂಪನಿಯವನು. ಮಂಡಿನೋವಿನ ಸಂಶೋಧನೆ ಎಂದು ಎಸ್ಟೇಟಿನ ಸ್ಟೋರಿನಲ್ಲಿ ಕ್ಯಾಂಪು ಹಾಕಿದ್ದ. ಕಾಡಿನ ಬೇರಿನಿಂದ ಮಾಡಿದ್ದಂತೆ ಮಾತ್ರೆ. ಹೆಸರು ಗಂಟುಬೇರು. ಲೈನಿನಲ್ಲಿ ಮಂಡಿ ಹಿಡಿದು ನರಳುವ ಎಲ್ಲರಿಗೂ ಒಂದೊಂದು ಡಬ್ಬಿ ಪುಕ್ಕಟೆ. ಅವನ ನಗು ಎಷ್ಟು ನುಣ್ಣಗಿತ್ತೆಂದರೆ ಅದರ ಮೇಲೆ ನೊಣ ಕೂತರೂ ಜಾರಿ ಬೀಳಬೇಕು.

ಹೆಣ ನೋಡಿದ. ಪೊಟ್ಟಣ ನೋಡಿದ. ತಲೆಯಾಡಿಸಿದ.

"ಕ್ಲಿಯರ್ ಆಗಿದೆ ಮೇಡಮ್. ಇಲಿ ಪಾಷಾಣ ರಕ್ತ ಹೆಪ್ಪುಗಟ್ಟೋದನ್ನ ನಿಲ್ಲಿಸುತ್ತೆ. ಗಾಯ ಒಸರೋದು, ರಕ್ತ ವಾಂತಿ, ಎಲ್ಲ ಅದಕ್ಕೆ ಹೊಂದುತ್ತೆ."

"ನಿಮ್ಮ ಮಾತ್ರೆ?"

"ನಮ್ಮದು ಬೇರು. ಪೇಟೇಲಿ ಸಿಗೋ ನೋವಿನ ಮಾತ್ರೆಗಳು ಪ್ರೋಸ್ಟಗ್ಲಾಂಡಿನ್ ಅನ್ನೋ ವಸ್ತು ಹುಟ್ಟದ ಹಾಗೆ ಮಾಡ್ತವೆ. ಊತ ಇಳಿಯುತ್ತೆ, ಆದರೆ ಹೊಟ್ಟೆ ಕೆಡುತ್ತೆ. ರಕ್ತ ನಿಲ್ಲಿಸೋ ಪ್ಲೇಟ್‌ಲೆಟ್‌ಗಳೂ ಮಂಕಾಗ್ತವೆ. ಗಂಟುಬೇರು ಊತ ಮಾತ್ರ ಇಳಿಸುತ್ತೆ. ಹೊಟ್ಟೇನೂ ಮುಟ್ಟಲ್ಲ, ಪ್ಲೇಟ್‌ಲೆಟ್ಟೂ ಮುಟ್ಟಲ್ಲ. ಅದನ್ನ ಜಗತ್ತಿಗೆ ತೋರಿಸೋದೇ ನಮ್ಮ ಸಂಶೋಧನೆ."

"ಹಾಗಾದ್ರೆ ಕೆಂಚಯ್ಯ ಅದನ್ನೇ ನುಂಗ್ತಿದ್ದ."

"ಇಲ್ಲ ಮೇಡಮ್. ಹೋಲಿಸಿ ನೋಡೋಕೆ ಅರ್ಧ ಜನಕ್ಕೆ ಹುಸಿ ಮಾತ್ರೆ ಕೊಡ್ತೀವಿ. ಕೆಂಚಯ್ಯಂದು ಹುಸಿ. ಬರೀ ಸೀಮೆಸುಣ್ಣ. ಸೀಮೆಸುಣ್ಣ ತಿಂದು ಯಾರೂ ಸಾಯಲ್ಲ."

ಮಾತು ಸಲೀಸಾಗಿ ಬಂತು. ಯಾವ ಕಾಗದವನ್ನೂ ಅವನು ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ.

"ಸಾವಾದ ಮೇಲೆ ಸಂಶೋಧನೆ ನಿಲ್ಲಿಸೋದು ನಿಯಮ. ಮಧ್ಯಾಹ್ನ ಬಂದು ಎಲ್ಲರ ಡಬ್ಬಿ ವಾಪಸ್ ತಗೋತೀನಿ," ಎಂದು ಕಾರು ಹತ್ತಿದ.

ಅಷ್ಟರಲ್ಲಿ ಮೇಲಿನ ಸಾಹೇಬರ ಫೋನು. ಅವರಿಗೂ ಸುದ್ದಿ ಮುಟ್ಟಿತ್ತು. ಪೊಟ್ಟಣ ಸಿಕ್ಕಿದೆ, ಬೈದಿದ್ದಕ್ಕೆ ಸಾಕ್ಷಿ ಇದೆ, ಗಂಡನೇ ದೂರು ಕೊಡುತ್ತಿದ್ದಾನೆ. ಸಂಜೆಯೊಳಗೆ ಅರೆಸ್ಟ್ ತೋರಿಸಬೇಕು.

"ತೋರಿಸ್ತೀನಿ ಸರ್," ಅಂದಳು ನೇತ್ರಾವತಿ. ಯಾರನ್ನು ಎಂದು ಅವರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

\* \* \*

ಒಳಗೆ ನವ್ಯಶ್ರೀ ಒಲೆಯ ಪಕ್ಕ ಕೂತಿದ್ದಳು. ಅತ್ತು ಮುಗಿದಿತ್ತು. ಈಗ ಸಿಟ್ಟು ಮಾತ್ರ ಉಳಿದಿತ್ತು. ಆ ಸಿಟ್ಟಿನಲ್ಲಿ ಒಂದು ಹಂಡೆ ನೀರು ಕಾಯಿಸಬಹುದಿತ್ತು.

"ಪಾಷಾಣ ಯಾಕೆ ತಂದೆ?"

"ಇಲಿಗೆ. ಅಕ್ಕಿ ಚೀಲ ಜಾಲರಿ ಆಗೋಗಿತ್ತು. ಮಾವನೇ ಬೆಳಗೋಡಿಂದ ತಂದ್ಕೊಟ್ಟಿದ್ದು. ಯಾರೂ ಕೇಳ್ಲಿಲ್ಲ, ನಾನೂ ಯೋಳ್ಲಿಲ್ಲ. ಕೇಳೋಕೆ ಮುಂಚೇನೇ ಚಿಲಕ ಹಾಕುದ್ರು."

"ಸಾಯೋಗು ಅಂದಿದ್ದು?"

"ಅಂದೆ. ಜೋರಾಗೇ ಅಂದೆ." ಅವಳು ತಲೆ ಎತ್ತಿದಳು. "ವಾರದಿಂದ ಕಕ್ಕಸು ಕಪ್ಪಗೆ ಹೋಗ್ತೈತೆ ಅಂದ್ರು ಮೇಡಮ್, ಡಾಂಬರ್ ಇದ್ದಂಗೆ. ಎದ್ರೆ ತಲೆ ಸುತ್ತು. ಸಕಲೇಶಪುರಕ್ಕೆ ಹೋಗನ ನಡೀರಿ, ದೊಡ್ಡಾಸ್ಪತ್ರೆ ಐತೆ ಅಂದೆ. ಬರಲ್ಲ ಅಂದ್ರು. ಕ್ಯಾಂಪಿನ ಡಾಕ್ಟ್ರಿಗೆ ಯೋಳಿದ್ರಂತೆ. ಅದು ಬೇರಿನ ಬಣ್ಣ, ಹೆದರ್ಬೇಡ, ಬೇರೆ ಆಸ್ಪತ್ರೆಗೆ ಹೋದ್ರೆ ಕ್ಯಾಂಪಿಂದ ತೆಗೀತೀನಿ ಅಂದ್ರಂತೆ. ಡಾಕ್ಟ್ರಿಗಿಂತ ನೀನು ಹೆಚ್ಚಾ ಅಂದ್ರು ಮಾವ. ಆಗ ಅಂದೆ, ಬರಲ್ಲ ಅಂದ್ರೆ ಸಾಯೋಗಿ ಅಂತ."

ನೇತ್ರಾವತಿ ಅವಳ ಎದುರು ಕೂತಳು.

"ಬೇರಿನ ಬಣ್ಣ ಅಂತ ಆ ಡಾಕ್ಟ್ರೇ ಅಂದ್ರಾ?"

"ಅವ್ರೇ. ಇನ್ಯಾರು."

"ನಿಮ್ಮ ಮಾವನಿಗೆ ಮೊದಲಿಂದ ಹೊಟ್ಟೆ ತೊಂದರೆ ಇತ್ತಾ?"

"ನಾನು ಬರೋಕೆ ಮುಂಚಿಂದ. ಹೊಟ್ಟೆ ಉರಿ ಉರಿ ಅಂತ ಸೋಡಾಪುಡಿ ನೆಕ್ಕೋರು."

ನೇತ್ರಾವತಿ ಹೊರಗೆ ಬಂದಳು. ಹೆಣ ಪೋಸ್ಟ್‌ಮಾರ್ಟಮ್‌ಗೆ ಹೊರಟಿತ್ತು.

"ಅಜ್ಜಿ, ಜೀಪ್ ಹತ್ತು," ಅಂದಳು ದ್ಯಾವಮ್ಮನಿಗೆ.

ದ್ಯಾವಮ್ಮ ಎದೆ ಹಿಡಿದುಕೊಂಡಳು. "ನಾನೇನ್ ಮಾಡ್ದೆ ಮಾರಾಯ್ತಿ? ಜಾಮೀನು ಕೊಡೋಕೆ ನಂಗೆ ಕೋಳಿನೂ ಇಲ್ಲ."

"ಕಾಲಿಗೆ ಮದ್ದು ಹಾಕಿಸ್ತೀನಿ. ಹತ್ತು."

"ಅಂಗಾದ್ರೆ ಮುಂದ್ಗಡೆ ಕೂರ್ತೀನಿ. ಹಿಂದೆ ಕುಂತ್ರೆ ಕಳ್ಳಿ ಅಂತಾರೆ."

ತಿಮ್ಮಯ್ಯ ಮರುಮಾತಾಡದೆ ಹಿಂದೆ ಹೋಗಿ ಕೂತ.

\* \* \*

ತಾಲ್ಲೂಕು ಆಸ್ಪತ್ರೆಯ ಡಾಕ್ಟರ್ ನಿಶಾತ್ ಪೇಟೆಯ ಕಾಫಿ ವ್ಯಾಪಾರಿ ಕಲೀಮುಲ್ಲಾರ ಮಗಳು. ತಂದೆ ಕಾಫಿ ಬೀಜ ಹಲ್ಲಿಗಿಟ್ಟು ಕಚ್ಚಿ ತೇವ ಹೇಳುವವರು. ಮಗಳೂ ಹಾಗೆಯೇ. ಕಚ್ಚಿ ನೋಡದೆ ಏನನ್ನೂ ನಂಬುವವಳಲ್ಲ. ಪೋಸ್ಟ್‌ಮಾರ್ಟಮ್ ಮುಗಿಸಿ ಬಂದಾಗ ಅವಳ ಮುಖ ಬಿಗಿದಿತ್ತು.

"ಇಲಿ ಪಾಷಾಣ ಅಲ್ಲ ಮೇಡಮ್."

"ಖಂಡಿತಾನಾ?"

"ಸ್ಯಾಂಪಲ್ ಲ್ಯಾಬಿಗೂ ಕಳಿಸ್ತೀನಿ. ಆದರೆ ಪಾಷಾಣ ತಿಂದಿದ್ರೆ ವಸಡಲ್ಲಿ, ಚರ್ಮದ ಕೆಳಗೆ, ಕೀಲೊಳಗೆ, ಎಲ್ಲ ಕಡೆ ರಕ್ತ ಇರ್ಬೇಕಿತ್ತು. ಇಲ್ಲಿ ಅದಿಲ್ಲ. ಹೊಟ್ಟೇಲಿ ಹಳೇ ಹುಣ್ಣು. ಅದು ಕೊರೆದು ಕೊರೆದು ರಕ್ತನಾಳದ ಬಾಯಿ ತೆಗೆದಿದೆ. ಒಳಗೊಳಗೇ ವಾರದಿಂದ ಸೋರಿದೆ. ಕೊನೆಗೆ ಕಟ್ಟೆ ಒಡೆದಿದೆ."

"ಕಪ್ಪು ಕಕ್ಕಸು?"

"ಅದೇ. ಜೀರ್ಣ ಆದ ರಕ್ತ. ನಮ್ಮ ಹತ್ರ ಬಂದಿದ್ರೆ ಆವತ್ತೇ ಹಿಡೀತಿದ್ವಿ."

"ಹುಣ್ಣು ಹಾಗೆ ಕೊರೆಯೋಕೆ ಕಾರಣ?"

"ನೋವಿನ ಮಾತ್ರೆ. ಜಾಸ್ತಿ, ದಿನಾ." ನಿಶಾತ್ ಕೈ ಒರೆಸುತ್ತಾ ಕೂತಳು. "ಮೈಯಲ್ಲಿ ಪ್ರೋಸ್ಟಗ್ಲಾಂಡಿನ್ ಅಂತ ಒಂದು ಮನೆತನ ಇದೆ ಅನ್ಕೊಳ್ಳಿ. ಒಬ್ಬ ಮಂಡೀಲಿ ಕೂತು ನೋವು, ಊತ ಎಬ್ಬಿಸ್ತಾನೆ. ಅವನ ತಮ್ಮ ಹೊಟ್ಟೆ ಗೋಡೆ ಕಾಯ್ತಾನೆ, ಅದನ್ನ ಆಸಿಡ್ ತಿನ್ನದ ಹಾಗೆ ಲೋಳೆ ಬಳೀತಾನೆ. ಇನ್ನೊಬ್ಬ ದಾಯಾದಿ ಗಾಯ ಆದ ಕಡೆ ಪ್ಲೇಟ್‌ಲೆಟ್‌ಗಳನ್ನ ಕೂಗಿ ಸೇರಿಸ್ತಾನೆ."

"ಪ್ಲೇಟ್‌ಲೆಟ್ ಗೊತ್ತು ಬುಡಿ," ಅಂದ ತಿಮ್ಮಯ್ಯ. "ಡೆಂಗೀಲಿ ಇಳೀತದಲ್ಲ. ಪಪ್ಪಾಯಿ ಸೊಪ್ಪಿನ ರಸ ಕುಡ್ಸಿ ನನ್ನ ಅರ್ಧ ಸಾಯ್ಸಿದ್ರು."

"ಅದೇ. ಒಂದರ ಮೇಲೊಂದು ಕೂತು ಗಾಯದ ಬಾಯಿ ಮುಚ್ಚೋ ಚಿಕ್ಕ ಕಣಗಳು. ನೋವಿನ ಮಾತ್ರೆ ಏನ್ ಮಾಡುತ್ತೆ ಅಂದ್ರೆ, ಮಂಡಿಯವನನ್ನ ಹಿಡಿಯೋಕೆ ಹೋಗಿ ಇಡೀ ಮನೆತನಾನೇ ಕಟ್ಟಿಹಾಕುತ್ತೆ."

"ನಮ್ ಸ್ಟೇಷನ್ ಇದ್ದಂಗೆ."

ನೇತ್ರಾವತಿ ತಿಮ್ಮಯ್ಯನ ಕಡೆ ನೋಡಿದಳು. ಅವನು ಕಿಟಕಿಯ ಕಡೆ ನೋಡಿದ.

"ನೀವು ಕರ್ಕೊಂಡ್ಬಂದ ಅಜ್ಜಿನೂ ನೋಡಿದೆ," ಅಂದಳು ನಿಶಾತ್. "ಪಾಷಾಣ ಕೆಡಿಸೋದು ಲಿವರ್ ತಯಾರಿಸೋ ಅಂಟನ್ನ. ಅಜ್ಜಿಗೆ ಅದು ಸರಿಯಾಗಿದೆ. ಪ್ಲೇಟ್‌ಲೆಟ್ ಎಣಿಕೆನೂ ಸರಿಯಾಗಿದೆ. ಆದರೆ ಸಣ್ಣಗೆ ಚುಚ್ಚಿದರೆ ರಕ್ತ ನಿಲ್ತಿಲ್ಲ. ಆಳು ತುಂಬ ಇದ್ದಾರೆ, ಕೆಲಸಕ್ಕೆ ಇಳೀತಿಲ್ಲ. ಅಜ್ಜಿ ನುಂಗೋ ಆ ಗಂಟುಬೇರಿನಲ್ಲಿ ಬೇರು ಎಷ್ಟಿದೆಯೋ, ಕಳ್ಳತನದಲ್ಲಿ ಬೆರೆಸಿದ ನೋವಿನ ಮದ್ದು ಮಾತ್ರ ಧಾರಾಳ ಇದೆ."

"ಆದರೆ ಕೆಂಚಯ್ಯಂದು ಹುಸಿ ಮಾತ್ರೆ ಅಂದ್ರಲ್ಲ ಆ ಡಾಕ್ಟ್ರು."

ನಿಶಾತ್ ತಲೆ ಎತ್ತಿದಳು. "ಅವರಿಗೆ ಹೇಗೆ ಗೊತ್ತು?"

"ಅವರದೇ ಸಂಶೋಧನೆ ಅಲ್ವಾ?"

"ಅದಕ್ಕೇ ಕೇಳಿದ್ದು. ಇಂಥ ಪರೀಕ್ಷೇಲಿ ಯಾರಿಗೆ ಹುಸಿ, ಯಾರಿಗೆ ನಿಜ ಅಂತ ನುಂಗೋರಿಗೂ ಗೊತ್ತಿರಬಾರದು, ಕೊಡೋ ಡಾಕ್ಟರಿಗೂ ಗೊತ್ತಿರಬಾರದು. ಚೀಟಿ ಎತ್ತಿದ ಹಾಗೆ ಸಿಗಬೇಕು. ಗೊತ್ತಿದ್ರೆ ತಮಗೆ ಬೇಕಾದ ಉತ್ತರ ಬರೋ ಹಾಗೆ ಹಂಚಬಹುದಲ್ಲ."

ನೇತ್ರಾವತಿ ಲೆಕ್ಕ ಹಾಕಿದಳು. ಕೆಂಚಯ್ಯನಿಗೆ ಹುಸಿ ಎಂದು ಸಂಜಯ್‌ಗೆ ಬಾಯಿಪಾಠವಾಗಿತ್ತು. ಅಂದರೆ ಚೀಟಿ ಎತ್ತಿದ್ದಲ್ಲ. ಆರಿಸಿ ಕೊಟ್ಟಿದ್ದು. ಯಾಕೆ ಆರಿಸಿದ? ಇನ್ನೂ ಒಂದು ಗಂಟು ಉಳಿದಿತ್ತು. ಹುಸಿ ಡಬ್ಬಿಯವನ ಹೊಟ್ಟೆಗೆ ನಿಜವಾದ ಮದ್ದು ಹೇಗೆ ಹೋಯಿತು?

\* \* \*

ಆ ಗಂಟು ಬಿಚ್ಚಿದವಳು ದ್ಯಾವಮ್ಮ. ಅದೂ ಜೀಪಿನ ಮುಂದಿನ ಸೀಟಿನಲ್ಲಿ ಕೂತು, ರಸ್ತೆಯ ಬದಿಯವರಿಗೆಲ್ಲ ಕೈ ಬೀಸುತ್ತಾ.

"ಅಜ್ಜಿ, ನಿನ್ನ ಡಬ್ಬಿ ಮಾತ್ರೆ ನೋವಿಗೆ ಹಿಡೀತಾ?"

"ಹಿಡೀತು ಅಂದ್ರೆ. ನುಂಗಿ ಗಂಜಿ ಕುಡಿಯೋದ್ರೊಳಗೆ ಎದ್ದು ಕುಣೀಬೋದು. ನಂದು ಕೆಲ್ಸದ ಡಬ್ಬಿ."

"ಹಂಗಂದ್ರೆ?"

"ಲೈನಲ್ಲಿ ಎಲ್ರಿಗೂ ಗೊತ್ತು ಕಣವ್ವ. ಕೆಲವ್ರದು ಕೆಲ್ಸ ಮಾಡೋ ಡಬ್ಬಿ, ಕೆಲವ್ರದು ಸುಮ್ನೆ ಡಬ್ಬಿ. ಕೆಂಚಯ್ಯಂದು ಸುಮ್ನೆ ಡಬ್ಬಿ. ಪಾಪ, ಎಷ್ಟು ನುಂಗುದ್ರೂ ಕೂತ್ರೆ ಏಳಂಗಿರ್ಲಿಲ್ಲ." ಅವಳು ದನಿ ಇಳಿಸಿದಳು. "ಅದ್ಕೆ ಮುಯ್ಯಿ ಮಾಡುದ್ವಿ."

ಮುಯ್ಯಿ ಎಂದರೆ ಆ ಕಡೆ ಯಾರಿಗೂ ವಿವರಿಸಬೇಕಿಲ್ಲ. ನಿನ್ನ ಗದ್ದೆಗೆ ನಾನು, ನನ್ನ ಗದ್ದೆಗೆ ನೀನು. ಕೂಲಿ ಇಲ್ಲ, ಲೆಕ್ಕ ಇಲ್ಲ. ಮರೆತವನು ಮನುಷ್ಯನಲ್ಲ. ನೇತ್ರಾವತಿ ತನ್ನೂರು ಮಗ್ಗೆಯ ಗದ್ದೆಯಲ್ಲಿ ಅದನ್ನು ನೋಡುತ್ತಲೇ ಬೆಳೆದವಳು. ಆದರೆ ಮಾತ್ರೆಯ ಮುಯ್ಯಿ ಅವಳೂ ಕೇಳಿರಲಿಲ್ಲ.

"ಲೈನಿನ ಕತ್ತಿ ಎಲ್ಲ ಮಸೀತಿದ್ದೋನು ಕೆಂಚಯ್ಯ. ಅವ್ನು ಮಸೆದ ಕತ್ತೀಲಿ ಗಾಳಿನೂ ಸೀಳ್ಬೋದಿತ್ತು. ಒಂದ್ ಕಾಸು ಮುಟ್ತಿರ್ಲಿಲ್ಲ. ಅವ್ನ ಮುಯ್ಯಿ ಎಂಗೆ ತೀರ್ಸೋದು? ಡಬ್ಬೀಲಿ ಬೆಳಗ್ಗೆ ಒಂದು, ಸಂಜೆ ಒಂದು ಅಂತ ಕೊಟ್ಟವ್ರೆ. ಬೆಳಗ್ಗೆದು ನಾನು ನುಂಗೋದು, ಸಂಜೇದು ಅವ್ನಿಗೆ. ಮೇಸ್ತ್ರಿ ಹೆಂಡ್ತಿನೂ ಒಂದು ಕೊಡೋಳು. ಆ ತುದಿ ಮನೆಯವ್ಳೂ ಒಂದು. ಮೂರೂ ಒಟ್ಟಿಗೆ ಬಾಯಿಗೆ ಹಾಕ್ಕಂಡು ನಗೋನು. ಈ ತಿಂಗ್ಳು ಓಡಾಡಿದ್ನಲ್ಲ ಅವ್ನು, ಮದ್ವೆ ಗಂಡಿನಂಗೆ."

ತಿರುವು ಬಂತು, ಹೋಯಿತು. ದ್ಯಾವಮ್ಮ ಬೀಸುತ್ತಿದ್ದ ಕೈ ಮಡಿಲಿಗೆ ಬಿತ್ತು.

"ಯಾಕವ್ವ, ಸುಮ್ನಾದೆ?" ಅಂದಳು. ಆಮೇಲೆ ತುಂಬ ಮೆಲ್ಲಗೆ, "ಅದ್ರಿಂದಾನಾ? ನಾನೇ ಕೊಂದ್ಬುಟ್ನಾ ಅವ್ನ?"

"ಇಲ್ಲ ಅಜ್ಜಿ. ಅದು ವಿಷ ಅಂತ ನಿನಗೆ ಯಾರೂ ಹೇಳಿರಲಿಲ್ಲ." ನೇತ್ರಾವತಿ ಹಲ್ಲು ಕಚ್ಚಿ ಹೇಳಿದಳು. "ಗೊತ್ತಿದ್ದೋನು ಬೇರೆ ಇದ್ದಾನೆ. ನಿನ್ನ ಡಬ್ಬಿ ಸೆರಗಲ್ಲಿ ಕಟ್ಕೊಂಡು ಸ್ಟೋರಿನ ಹತ್ರ ಬಾ. ಯಾರ ಕೈಗೂ ಕೊಡಬೇಡ."

\* \* \*

ಸ್ಟೋರಿನ ಮುಂದೆ ಕಾಫಿ ಒಣಗಿಸುವ ಕಣ. ಸಂಜಯ್ ಒಂದು ರಟ್ಟಿನ ಪೆಟ್ಟಿಗೆ ತೆರೆದಿಟ್ಟು ನಿಂತಿದ್ದ. ಲೈನಿನವರು ಡಬ್ಬಿ ಹಿಡಿದು ಸಾಲಾಗಿದ್ದರು. ರೇವಂತ್ ಒಂದು ಕಡೆ, ಮಹಿಳಾ ಪೇದೆಯ ಪಕ್ಕ ನವ್ಯಶ್ರೀ ಇನ್ನೊಂದು ಕಡೆ. ಅವಳ ಸುತ್ತ ಇಷ್ಟಗಲ ಜಾಗ ಖಾಲಿ. ಸಾಂಕ್ರಾಮಿಕ ರೋಗಿಗೂ ಜನ ಅಷ್ಟು ದೂರ ಬಿಡುವುದಿಲ್ಲ.

"ಡಬ್ಬಿ ಯಾರೂ ಹಾಕಬೇಡಿ," ಅಂದಳು ನೇತ್ರಾವತಿ. "ತಿಮ್ಮಯ್ಯ, ಆ ಪೆಟ್ಟಿಗೆ ಜೀಪಿಗೆ."

"ಮೇಡಮ್, ಅದು ಕಂಪನಿ ಆಸ್ತಿ," ಅಂದ ಸಂಜಯ್.

"ಇರ್ಲಿ. ಮೊದಲು ಒಂದು ಲೆಕ್ಕ ನೋಡೋಣ. ಮೊದಲನೇ ವಾರದಲ್ಲೇ ಮಂಡಿನೋವು ಇಳಿದವರು ಬಾಗಿಲ ಕಡೆ ನಿಂತ್ಕೊಳ್ಳಿ. ಇಳೀದೆ ಇದ್ದವರು ಬೇಲಿ ಕಡೆ."

ಜನ ಗುಸುಗುಟ್ಟುತ್ತಾ ಎರಡು ಭಾಗವಾದರು. ಕೆಲಸದ ಡಬ್ಬಿಯವರು ಬಾಗಿಲಿಗೆ, ಸುಮ್ಮನೆ ಡಬ್ಬಿಯವರು ಬೇಲಿಗೆ.

"ಈಗ ಯಾರ್ಯಾರಿಗೆ ಮೊದಲಿಂದ ಹೊಟ್ಟೆ ಉರಿ, ಹುಣ್ಣು ಇದೆಯೋ ಅವರು ಕೈ ಎತ್ತಿ."

ಬೇಲಿಯ ಕಡೆ ಕೈಗಳು ಎದ್ದವು. ಒಂದೊಂದಾಗಿ, ಆಮೇಲೆ ಎಲ್ಲವೂ. ಬಾಗಿಲ ಕಡೆ ಒಂದೇ ಒಂದು ಕೈ ಏಳಲಿಲ್ಲ. ಜನ ಒಬ್ಬರನ್ನೊಬ್ಬರು ನೋಡಿದರು.

"ಮೊದಲ ದಿನ ಡಾಕ್ಟ್ರು ಏನು ಕೇಳಿದ್ರು?"

"ಹೊಟ್ಟೆ ಉರಿ ಐತಾ ಅಂದ್ರು," ಬೇಲಿಯ ಕಡೆಯಿಂದ ಒಬ್ಬ ಹೇಳಿದ. "ಐತೆ ಅಂದೆ. ಎಡಗಡೆ ಪೆಟ್ಟಿಗೆಯಿಂದ ತೆಗೆದ್ಕೊಟ್ರು."

"ನಂಗೂ ಎಡಗಡೇದೇ."

"ನಂಗೂ."

ನೇತ್ರಾವತಿ ಸಂಜಯ್ ಕಡೆ ತಿರುಗಿದಳು. "ಕೆಂಚಯ್ಯಂದು ಸೀಮೆಸುಣ್ಣ ಅಂತ ನೋಡದೇ ಹೇಳಿದ್ರಿ. ಹೇಗೆ ಅಂತ ಈಗ ಗೊತ್ತಾಯ್ತು. ಹೊಟ್ಟೆ ಹುಣ್ಣಿನವರಿಗೆಲ್ಲ ಎಡಗಡೆ ಪೆಟ್ಟಿಗೆ. ಒಂದು ಮಾತು ಹೇಳಿ ಡಾಕ್ಟ್ರೇ. ಗಂಟುಬೇರು ಹೊಟ್ಟೆ ಮುಟ್ಟಲ್ಲ ಅಂದ್ರಿ. ಮುಟ್ಟದ ಮಾತ್ರೆನ ಹೊಟ್ಟೆ ಹುಣ್ಣಿನವರಿಂದ ಯಾಕೆ ಬಚ್ಚಿಟ್ರಿ?"

"ಅದು... ಮುನ್ನೆಚ್ಚರಿಕೆ."

"ಮುನ್ನೆಚ್ಚರಿಕೆ ಆಗಿದ್ರೆ ಅವರನ್ನ ಸಂಶೋಧನೆಗೇ ಸೇರಿಸ್ಕೋಬಾರದಿತ್ತು. ಸೇರಿಸ್ಕೊಂಡ್ರಿ. ಹುಣ್ಣಿದ್ದವರೂ ಇದ್ರು, ಯಾರಿಗೂ ರಕ್ತ ಬರಲಿಲ್ಲ ಅಂತ ಜಗತ್ತಿಗೆ ತೋರಿಸಬೇಕಿತ್ತು. ರಕ್ತ ಬರಬಹುದಾದವರಿಗೆಲ್ಲ ಸೀಮೆಸುಣ್ಣ ತಿನ್ನಿಸಿದ್ರಿ."

"ಇದೆಲ್ಲ ನಿಮ್ಮ ಊಹೆ. ಸೀಮೆಸುಣ್ಣ ತಿಂದವನು ನನ್ನ ಮಾತ್ರೆಯಿಂದ ಹೇಗೆ ಸಾಯ್ತಾನೆ? ಹೆಂಗಸಿನ ಹತ್ರ ಪಾಷಾಣ ಸಿಕ್ಕಿದೆ."

"ಅಜ್ಜಿ," ಅಂದಳು ನೇತ್ರಾವತಿ.

ದ್ಯಾವಮ್ಮ ಮುಂದೆ ಬಂದಳು. ಸೆರಗಿನ ಗಂಟು ಬಿಚ್ಚಿ ಡಬ್ಬಿ ತೋರಿಸಿದಳು. ಯಾವತ್ತೂ ಮಾತಿಗೆ ಉಪ್ಪು ಖಾರ ಹಚ್ಚುವವಳು ಆವತ್ತು ಬರಿದಾಗಿ ಹೇಳಿದಳು. "ಕೆಂಚಯ್ಯನ ಮಾತ್ರೆ ಹಿಡೀಲಿಲ್ಲ ಅಂತ ನಮ್ದು ಕೊಟ್ವಿ. ನಾನೊಂದು, ಇವ್ಳೊಂದು, ಅವ್ಳೊಂದು. ದಿನಾ ಮೂರು."

ಸಂಜಯ್ ಮುಖದ ನುಣುಪು ಹೊರಟುಹೋಯಿತು.

"ಯಾರು ಹೇಳಿದ್ದು ನಿಮಗೆ ಬದಲಾಯಿಸ್ಕೊಳ್ಳೋಕೆ? ನಿಮ್ಮ ಡಬ್ಬಿ ನೀವೇ ತಗೊಳ್ಳಿ ಅಂತ ಬಡ್ಕೊಂಡಿದ್ದೆ. ಓದಿಲ್ಲ, ಬರೆದಿಲ್ಲ, ಒಂದು ಮಾತು ಕೇಳಲ್ಲ. ಹೊಟ್ಟೇಲಿ ಹುಣ್ಣಿರೋನಿಗೆ ಅದನ್ನ ದಿನಾ ಮೂರು ಕೊಟ್ರೆ ಸಾಯದೆ ಇನ್ನೇನಾಗ್ತಾನೆ?"

ಹೇಳಿದ ಮೇಲೆ ಅವನಿಗೇ ಕೇಳಿಸಿತು. ಬಾಯಿ ತೆರೆದೇ ಇತ್ತು.

"ಬೇರು ತಿಂದು ಸಾಯ್ತಾನಾ?" ಅಂದಳು ನೇತ್ರಾವತಿ.

ಸಂಜಯ್ ತನ್ನ ಕಾರಿನ ಕಡೆ ನೋಡಿದ.

"ಇನ್ನೊಂದು ಇದೆ ಡಾಕ್ಟ್ರೇ. ಅದು ಇದಕ್ಕಿಂತ ಕೆಟ್ಟದ್ದು. ವಾರದ ಹಿಂದೆ ಕೆಂಚಯ್ಯ ನಿಮ್ಮ ಹತ್ರ ಬಂದು ಕಕ್ಕಸು ಕಪ್ಪಗಾಗಿದೆ ಅಂದ. ಬೇರಿನ ಬಣ್ಣ ಅಂದ್ರಿ. ಅವನ ಡಬ್ಬೀಲಿ ಬೇರೇ ಇರಲಿಲ್ಲ, ನಿಮಗೆ ಗೊತ್ತಿತ್ತು. ಸೀಮೆಸುಣ್ಣಕ್ಕೆ ಯಾವ ಬೇರಿನ ಬಣ್ಣ? ಆ ಕ್ಷಣಕ್ಕೆ ನಿಮಗೆ ಅರ್ಥ ಆಯ್ತು, ಇವನ ಹೊಟ್ಟೆಗೆ ಎಲ್ಲಿಂದಲೋ ನಿಜವಾದ ಮದ್ದು ಹೋಗಿದೆ, ಒಳಗೆ ರಕ್ತ ಸೋರ್ತಿದೆ ಅಂತ. ಆವತ್ತು ಅದೇ ಕಾರಲ್ಲಿ ಕೂರಿಸ್ಕೊಂಡು ಆಸ್ಪತ್ರೆಗೆ ಹೋಗಿದ್ರೆ ಬದುಕ್ತಿದ್ದ. ಬೇರೆ ಆಸ್ಪತ್ರೆಗೆ ಹೋದ್ರೆ ಕ್ಯಾಂಪಿಂದ ತೆಗೀತೀನಿ ಅಂತ ಹೆದರಿಸಿ ಮನೆಗೆ ಕಳಿಸಿದ್ರಿ, ಸಾಯೋಕೆ. ಇವತ್ತು ಬಂದು ಹೆಣದ ಮುಂದೆ ನಿಂತು ಈ ಹುಡುಗಿ ಕಡೆ ಕೈ ತೋರಿಸಿದ್ರಿ. ಓದಿದೋರು ನೀವು."

ಬೇಲಿಯ ಕಡೆಯಿಂದ ಯಾರೋ ತಮ್ಮ ಡಬ್ಬಿಯನ್ನು ಸಂಜಯ್ ಕಾಲ ಬಳಿ ಎಸೆದರು. ಮುಚ್ಚಳ ಕಳಚಿ ಬಿಳಿ ಮಾತ್ರೆಗಳು ಕಣದ ತುಂಬ ಉರುಳಿದವು. ಇನ್ನೊಂದು ಬಿತ್ತು. ಮತ್ತೊಂದು.

"ಎಸೀಬೇಡ್ರಪ್ಪ, ಸಾಕ್ಷಿ ಅದು," ಎಂದು ತಿಮ್ಮಯ್ಯ ಮಂಡಿಯೂರಿ ಆರಿಸತೊಡಗಿದ. "ಎಸೀಲೇಬೇಕು ಅಂದ್ರೆ ಬೇರೆ ಏನಾರಾ ಎಸೀರಿ."

ಪೊಲೀಸರು ಸಂಜಯ್‌ನನ್ನು ಅವನದೇ ಬಿಳಿ ಕಾರಿನ ಮುಂದೆ ಹಾಯಿಸಿ ಜೀಪಿಗೆ ಹತ್ತಿಸಿದರು. ಸಂಜೆಯಾಗಲು ಇನ್ನೂ ಹೊತ್ತಿತ್ತು. ನೇತ್ರಾವತಿ ಮೇಲಿನವರಿಗೆ ಫೋನು ಮಾಡಿ, ಅರೆಸ್ಟ್ ಆಯಿತು ಸರ್, ಡಾಕ್ಟರು ಸರ್ ಎಂದಳು. ಆಮೇಲೆ ಬಂದ ಲ್ಯಾಬಿನ ವರದಿಯೂ ಅದನ್ನೇ ಹೇಳಿತು. ಕೆಲಸದ ಡಬ್ಬಿಯಲ್ಲಿ ಬೇರಿನ ಪುಡಿ ಚಿಟಿಕೆಯಷ್ಟು, ನೋವಿನ ಮದ್ದು ಹಿಡಿಯಷ್ಟು. ಕೆಂಚಯ್ಯನ ಹೊಟ್ಟೆಯಲ್ಲೂ ಅದೇ ಮದ್ದು. ಪಾಷಾಣ ಎಳ್ಳಷ್ಟೂ ಇಲ್ಲ. ಕಂಪನಿಯ ದೊಡ್ಡವರು ನಮಗೇನೂ ಗೊತ್ತಿಲ್ಲ ಅಂದರು. ಅವರನ್ನೂ ಗೊತ್ತಿರುವವರ ಸಾಲಿಗೆ ಸೇರಿಸಲು ನೇತ್ರಾವತಿ ಹಾಸನದ ಕೋರ್ಟಿಗೆ ಅಲೆಯುತ್ತಲೇ ಇದ್ದಾಳೆ.

ಆದರೆ ಆ ದಿನ ಕಣದಲ್ಲಿ ಇನ್ನೊಂದು ಲೆಕ್ಕ ಉಳಿದಿತ್ತು.

ಮಹಿಳಾ ಪೇದೆ ಪಕ್ಕಕ್ಕೆ ಸರಿದಿದ್ದಳು. ನವ್ಯಶ್ರೀ ಒಬ್ಬಳೇ ನಿಂತಿದ್ದಳು. ಬೆಳಗ್ಗೆ ಸಾಕ್ಷಿ ಹೇಳಿದ ಹೆಂಗಸರು ಸೆರಗು ಸರಿ ಮಾಡಿಕೊಳ್ಳುತ್ತಾ ಆಕಾಶ ನೋಡುತ್ತಿದ್ದರು. ಅವಳು ಅವರನ್ನು ದಾಟಿ ದ್ಯಾವಮ್ಮನ ಬಳಿ ಹೋದಳು. ನೆಲಕ್ಕೆ ಕುಸಿದಿದ್ದ ಮುದುಕಿಯ ರಟ್ಟೆ ಹಿಡಿದು ಎಬ್ಬಿಸಿದಳು. "ನಡಿ ಅಜ್ಜಿ, ಮಾವನ್ನ ಕರ್ಕೊಂಬರ್ತಾರೆ. ನೀರು ಕಾಯ್ಸಬೇಕು," ಅಂದಳು.

ರೇವಂತ್ ಅಡ್ಡ ಬಂದ. ಕೈ ಎತ್ತಿ ಮುಗಿಯಲೋ ಬೇಡವೋ ಎಂದು ತಿಳಿಯದೆ ಅರ್ಧಕ್ಕೆ ನಿಲ್ಲಿಸಿದ್ದ.

"ತಪ್ಪಾಯ್ತು ಕಣೆ. ಅಪ್ಪನ್ನ ಹಂಗೆ ನೋಡಿ ತಲೆ ಕೆಟ್ಟೋಯ್ತು. ಎಲ್ರೂ ಅಂದ್ರು. ನೀನೂ ದಿನಾ ಅವ್ರ ಜೊತೆ ಜಗಳ ಆಡ್ತಿದ್ದಲ್ಲ."

ನವ್ಯಶ್ರೀ ಅವನನ್ನು ನೋಡಿದಳು. ಬೆಳಗಿನ ಸಿಟ್ಟು ಇನ್ನೂ ಆರಿರಲಿಲ್ಲ. ಈಗ ಅದು ಮಂಜಿನಂತೆ ತಣ್ಣಗೆ ಕೊರೆಯುತ್ತಿತ್ತು.

"ಆಡ್ತಿದ್ದೆ. ಸಾರಿಗೆ ಉಪ್ಪಿಲ್ಲ ಅಂತ ನಿಮ್ಮಪ್ಪ ದಿನಾ ನನ್ನ ಬೈಯೋರು. ಬೈದು, ಅದೇ ಸಾರು ಎರಡು ಸಲ ಹಾಕುಸ್ಕಂಡು ಉಣ್ಣೋರು. ಒಂದು ದಿನಾನೂ ಮೂಸಿ ನೋಡಿ ಉಂಡವ್ರಲ್ಲ."

ಅವಳು ದ್ಯಾವಮ್ಮನ ಕೈ ಹಿಡಿದು ಲೈನಿನ ಕಡೆ ನಡೆದಳು. ರೇವಂತ್ ಕಣದ ನಡುವೆ, ಉರುಳಿದ ಬಿಳಿ ಮಾತ್ರೆಗಳ ಮಧ್ಯೆ, ನಿಂತೇ ಇದ್ದ.